ಪೆಟ್ಟಿಗೆಯೊಳಗಿನ ಕಾದಂಬರಿ



ರಾಜ್ಯೋತ್ಸವದ ಈ ಸಭೆಯಲ್ಲಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾವು ಹಿಂಜರಿದೆವು. ನಾವೆಂದರೆ ಅಕ್ಕ ಮತ್ತು ತಮ್ಮ. ಇಬ್ಬರೂ ಕೂಡಿ ಒಂದೇ ಒಂದು ಕಾದಂಬರಿ ಬರೆದವರು. ಅಷ್ಟರಿಂದಲೇ ಕಾದಂಬರಿಯ ಮೇಲೆ ಉಪದೇಶಕ್ಕೆ ನಿಲ್ಲುವುದೆಂದರೆ, ಒಂದು ಹೋಳಿಗೆ ತಟ್ಟಿದವರು ಮದುವೆಯ ಅಡಿಗೆಯ ಯಜಮಾನಿಕೆ ವಹಿಸಿದ ಹಾಗೆ. ಆದುದರಿಂದ ಉಪದೇಶ ಬೇಡ. ಆ ಒಂದು ಪುಸ್ತಕ ಹೇಗೆ ಕೆಟ್ಟಿತು, ಹೇಗೆ ಮತ್ತೆ ಬರೆಯಬೇಕಾಯಿತು ಎಂಬುದನ್ನಷ್ಟು ಹೇಳಿ ಮುಗಿಸುತ್ತೇವೆ.

ನಮ್ಮದು ಮಂಗಳೂರಿನ ಬಾಸೆಲ್ ಮಿಶನ್ ಸಭೆಯಿಂದ ಬಂದ ಕ್ರೈಸ್ತ ಮನೆತನ. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ, ಈ ಊರಿಗೆ ಬಂದ ಮೇಲೆ ಬೀದಿಯಲ್ಲಿ ಮರಾಠಿ, ಹಿಂದಿ. ಅಪ್ಪ ಕೆಲಸ ಹುಡುಕಿಕೊಂಡು ಮುಂಬಯಿಗೆ ಬರುವಾಗ ಒಂದು ತಗಡಿನ ಪೆಟ್ಟಿಗೆ ತಂದಿದ್ದರು. ಅದರಲ್ಲಿ ಮುತ್ತಜ್ಜನ ಸತ್ಯವೇದ. ಅದರ ಮೊದಲ ಹಾಳೆಯಲ್ಲಿ ಹುಟ್ಟು, ಮದುವೆ, ಮರಣಗಳ ಪಟ್ಟಿ. ಅದರಡಿಯಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿದ ಅರ್ಧ ಹಂಚು. ಮುರಿದ ಹಂಚನ್ನು ಮುಂಬಯಿಯ ತನಕ ಯಾರು ಹೊತ್ತು ತರುತ್ತಾರೆ ಎಂದು ಅಮ್ಮ ಅಪ್ಪನನ್ನು ಸಾಯುವ ತನಕ ಗೇಲಿ ಮಾಡಿದರು.

ಆ ಹಂಚೇ ನಮ್ಮ ಮೊದಲ ಗುರು, ಮೊದಲ ಮೋಸಗಾರನೂ ಹೌದು. ಅದರ ಮೇಲೆ ಮಿಶನ್ ಕಾರ್ಖಾನೆಯ ಮುದ್ರೆ, 1865 ಎಂಬ ಅಂಕಿ. ಹಾಗಾದರೆ ಮುತ್ತಜ್ಜ ಮನೆ ಕಟ್ಟಿದ್ದು 1865ರಲ್ಲಿ ಎಂದು ನಿಶ್ಚಯಿಸಿ ಮೂರು ಅಧ್ಯಾಯ ಬರೆದೆವು. ಆಮೇಲೆ ತಿಳಿಯಿತು: ಅದು ಹಂಚು ಸುಟ್ಟ ವರ್ಷವಲ್ಲ, ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬ ಜರ್ಮನ್ ಪಾದ್ರಿ ಕಾರ್ಖಾನೆ ಹೂಡಿದ ವರ್ಷ. ಸತ್ಯವೇದದ ಹಾಳೆಯ ಪ್ರಕಾರ ಮುತ್ತಜ್ಜನ ಮದುವೆ 1891ರಲ್ಲಿ. ಮೂರು ಅಧ್ಯಾಯ ಒಲೆಗೆ ಹೋದವು. ಮನೆಯ ಚರಿತ್ರೆ ಬರೆಯಹೊರಟವರು ಕಲಿಯುವ ಮೊದಲನೆಯ ಪಾಠ ಇಂಥದೇ ಇದ್ದೀತು.

ಇಂಥ ಕಾದಂಬರಿಗಳು ಪರದೇಶದಲ್ಲಿ ಬೇಕಾದಷ್ಟುಂಟು. ಅಮೆರಿಕದಲ್ಲಿ ಕ್ಯಾಥರೀನ್ ಮಾರ್ಷಲ್ ಎಂಬಾಕೆ ತನ್ನ ತಾಯಿ ಎಳೆಯ ವಯಸ್ಸಿನಲ್ಲಿ ಟೆನೆಸ್ಸೀ ಬೆಟ್ಟಗಾಡಿನ ಶಾಲೆಯಲ್ಲಿ ಕಲಿಸಲು ಹೋದ ಕಥೆಯನ್ನೇ ಹಿಗ್ಗಿಸಿ 1967ರಲ್ಲಿ ‘ಕ್ರಿಸ್ಟಿ’ ಎಂಬ ಕಾದಂಬರಿ ತಂದರು. ಕೆನಡಾದ ಜಾನೆಟ್ ಓಕ್ 1979ರಲ್ಲಿ ಬರೆದ ಪುಸ್ತಕದ ನಂತರ ಪ್ರೇಮ, ಪ್ರಾರ್ಥನೆ, ಹಿಂದಿನ ಕಾಲ ಮೂರೂ ಕೂಡಿದ ಈ ಬಗೆಗೆ ಒಂದು ಪೇಟೆಯೇ ಏರ್ಪಟ್ಟಿತು. ಅಕ್ಕ ಅವುಗಳನ್ನು ರೈಲಿನಲ್ಲಿ ಓದಿ ಓದಿ, “ನಮ್ಮ ಮನೆಯಲ್ಲೂ ಇಂಥದೊಂದು ಇಲ್ಲವೇನೋ?” ಎಂದು ತಮ್ಮನನ್ನು ಕೆಣಕಿದ್ದೇ ಪ್ರಾರಂಭ.

ಇದ್ದೇ ಇತ್ತು. ಮುತ್ತಜ್ಜ ಹಂಚಿನ ಕಾರ್ಖಾನೆಯ ಆಳು, ಓದು ಬಾರದು. ಮುತ್ತಜ್ಜಿ ಮಿಶನ್ನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿತವಳು. ಸಭೆಯ ವಿವಾಹದ ರಿಜಿಸ್ಟರಿನಲ್ಲಿ ವಧುವಿನ ಸಹಿ ದುಂಡಗೆ ಕನ್ನಡದಲ್ಲಿದೆ. ವರನದು ಬರಿಯ ಗುರುತು. ಹತ್ತು ವರ್ಷದ ಬಳಿಕ ಮಗುವಿನ ದೀಕ್ಷಾಸ್ನಾನದ ದಾಖಲೆಯಲ್ಲಿ ಅದೇ ಮನುಷ್ಯನ ಸಹಿ, ಅಂಕುಡೊಂಕಾಗಿ, ಅಕ್ಷರಗಳಲ್ಲಿ. ಈ ಎರಡು ಹಾಳೆಗಳ ನಡುವೆ ಒಬ್ಬ ಹೆಂಡತಿ ಗಂಡನಿಗೆ ಅಕ್ಷರ ಕಲಿಸಿದ್ದಾಳೆ! ಹಗಲೆಲ್ಲ ನೇತ್ರಾವತಿಯ ಜೇಡಿಮಣ್ಣಿನಲ್ಲಿ ಆಡಿದ ಬೆರಳುಗಳಿಗೆ ಸಂಜೆ ಎಣ್ಣೆದೀಪದ ಮುಂದೆ ಬಳಪ ಹಿಡಿಸಿದ್ದಾಳೆ. ಇದಕ್ಕಿಂತ ಒಳ್ಳೆಯ ಪ್ರೇಮಕಥೆ ಎಲ್ಲಿಂದ ತರಬೇಕು? ಒಂದೂವರೆ ವರ್ಷದಲ್ಲಿ ಬರೆದು ಮುಗಿಸಿದೆವು. ಬಾಸೆಲ್ ನಗರದ ಮಿಶನ್ ದಫ್ತರಖಾನೆಯ ಹಳೆಯ ಚಿತ್ರಗಳನ್ನು ಈಗ ಇಲ್ಲಿ ಕುಳಿತೇ ನೋಡಬಹುದಾದ್ದರಿಂದ ಕಾರ್ಖಾನೆಯ ವರ್ಣನೆಗೆ ಹೆಚ್ಚು ಕಷ್ಟವಾಗಲಿಲ್ಲ.

ಕರಡು ಪ್ರತಿಯನ್ನು ಊರಿಗೆ ಕೊಂಡುಹೋಗಿ ದೊಡ್ಡಮ್ಮನ ಮುಂದೆ ಓದಿದೆವು. ದೊಡ್ಡಮ್ಮನಿಗೆ ಕಣ್ಣು ಮಂದ, ಕಿವಿ ಚುರುಕು. ಎರಡು ದಿನ ಕೇಳಿದರು, ನಡುನಡುವೆ ಕಣ್ಣೊರಸಿಕೊಂಡರು. ಮುಗಿದ ಮೇಲೆ ಒಂದೇ ಮಾತು ಕೇಳಿದರು: “ಚೆನ್ನಾಗಿದೆ ಮಕ್ಕಳೇ. ಆದರೆ ಸೀರೆ ಎಲ್ಲಿ?”

ಯಾವ ಸೀರೆ ದೊಡ್ಡಮ್ಮ, ಎಂದೆವು.

ಆಗ ಬಂತು ಆ ಕಥೆ. ಮುತ್ತಜ್ಜನಿಗೆ ದೀಕ್ಷಾಸ್ನಾನವಾಗುವ ಮುಂಚೆಯೇ ಒಂದು ಮದುವೆಯಾಗಿತ್ತು, ಹೆಣ್ಣುಮಗುವೂ ಇತ್ತು. ಅವಳು ಅವನ ಹಿಂದೆ ಬರಲಿಲ್ಲ. ಮುತ್ತಜ್ಜ ಕೆಲವು ವರ್ಷ ಕಾದ. ಆಮೇಲೆ ಸಭೆಯವರ ಒಪ್ಪಿಗೆಯಿಂದ ಮತ್ತೆ ಮದುವೆಯಾದ. ಆದರೆ ಪ್ರತಿ ಕ್ರಿಸ್‌ಮಸ್ ಹಬ್ಬಕ್ಕೆ ಕಡವಿನಲ್ಲಿ ದೋಣಿ ಹತ್ತಿ ಹೊಳೆಯಾಚೆಯ ಊರಿಗೆ ಹೋಗಿ, ಆ ಮನೆಯ ಜಗಲಿಯ ಮೇಲೆ ಒಂದು ಸೀರೆ ಇಟ್ಟು ಬರುತ್ತಿದ್ದ. ನಮ್ಮ ಅಜ್ಜಿ ಹುಡುಗಿಯಾಗಿದ್ದಾಗ ಎರಡು ಸಲ ಜೊತೆಗೆ ಹೋಗಿದ್ದಳಂತೆ. ಮಾತಿಲ್ಲ, ಕತೆಯಿಲ್ಲ. ಒಳಗಿನಿಂದ ಒಬ್ಬ ಹುಡುಗಿ ಬಂದು ಒಂದು ಚೊಂಬು ನೀರು, ಒಂದು ಅಚ್ಚು ಬೆಲ್ಲ ಇಟ್ಟು ಹೋಗುತ್ತಿದ್ದಳು. ಅವಳು ತನ್ನ ಅಕ್ಕ ಎಂದು ಅಜ್ಜಿಗೆ ತಿಳಿದದ್ದು ತನ್ನ ಮದುವೆಯಾದ ಮೇಲೆ.

ನಾವಿಬ್ಬರೂ ಆ ರಾತ್ರಿ ನಿದ್ದೆ ಮಾಡಲಿಲ್ಲ. ಏಕೆಂದರೆ ನಮ್ಮ ಕರಡಿನಲ್ಲಿ ಒಬ್ಬ ಕೆಟ್ಟ ಹೆಂಗಸು ಇದ್ದಳು. ಕಥೆಗೆ ಅಡ್ಡಿ ಬೇಕಲ್ಲ! ನಾಯಕ ಹೊಸ ನಂಬಿಕೆಗೆ ಬಂದಾಗ ಅವನನ್ನು ಬೈದು, ಅಂಗಳಕ್ಕೆ ನೀರು ಚೆಲ್ಲಿ, ಬಾಗಿಲು ಹಾಕಿಕೊಳ್ಳುವ ನೆರೆಯವಳು. ಗೊತ್ತಿಲ್ಲದೆ ನಾವು ಆ ಮೊದಲ ಹೆಂಡತಿಯ ಜಾಗದಲ್ಲಿ ಒಂದು ಬೆದರುಗೊಂಬೆ ನಿಲ್ಲಿಸಿದ್ದೆವು. ಮತಾಂತರದ ಕಥೆಗಳಲ್ಲಿ ಇದು ರೂಢಿ: ಬಂದವರೆಲ್ಲ ಬೆಳಕು, ಬಾರದವರೆಲ್ಲ ಕತ್ತಲೆ. ಎದುರು ಪಕ್ಷದವರು ಬರೆಯುವಾಗ ಬಣ್ಣ ಅದಲುಬದಲು, ಅಷ್ಟೇ.

ಅವಳು ಏಕೆ ಬರಲಿಲ್ಲ? ದಕ್ಷಿಣ ಕನ್ನಡದ ಕ್ರಮ ಬಲ್ಲವರಿಗೆ ಇದು ಸುಲಭ. ನಮ್ಮ ಹಿರಿಯರು ಬಿಲ್ಲವರು, ಅವರದು ಅಳಿಯಸಂತಾನ. ಹೆಣ್ಣಿನ ಹಕ್ಕು ಅವಳ ತಾಯಿಯ ಕುಟುಂಬದಲ್ಲಿ. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಗಂಡನ ಹಿಂದೆ ಮಿಶನ್ನಿನ ಹಿತ್ತಿಲಿಗೆ ಬಂದರೆ ಅವಳು ಬಿಡಬೇಕಾದದ್ದು ದೈವವನ್ನು ಮಾತ್ರವಲ್ಲ; ತಾಯಿ, ಸೋದರಮಾವ, ಮಗಳ ನೆಲೆ ಎಲ್ಲವನ್ನೂ. ಜಾತಿ ಬಿಟ್ಟವನ ಆಸ್ತಿಹಕ್ಕು ಹೋಗಬಾರದೆಂದು 1850ರಲ್ಲೇ ಕಾನೂನು ಬಂದಿತ್ತು, ನಿಜ. ಆದರೆ ಅಡಿಗೆಮನೆಯ ಬಾಗಿಲನ್ನು ಕಾನೂನು ತೆರೆಸಲಾರದು. ಮತಾಂತರವಾದವರಿಗೆ ಕೆಲಸ ಕೊಡಲೆಂದೇ ಮಿಶನ್ನಿನವರು ನೇಯ್ಗೆ, ಹಂಚು ಎಂದು ಉದ್ಯಮ ಹೂಡಬೇಕಾಯಿತೆಂದರೆ, ಬಂದವರು ಏನೇನು ಕಳೆದುಕೊಂಡಿದ್ದರೆಂದು ತಾವೇ ಊಹಿಸಬಹುದು.

ನಮ್ಮ ಮನೆಯದೊಂದೇ ಕಥೆಯಲ್ಲ ಇದು. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷೆ ಪಡೆದ ಆನಂದರಾವ್ ಕೌಂಡಿನ್ಯರು ಸಾರಸ್ವತ ಬ್ರಾಹ್ಮಣರು. ಬಾಸೆಲಿಗೆ ಹೋಗಿ ಕಲಿತು ಪಾದ್ರಿಗಳಾಗಿ ಬಂದರು. ಅವರ ಹೆಂಡತಿ ಲಕ್ಷ್ಮಿ ಅವರ ಬಳಿಗೆ ಬರಲಿಲ್ಲ. 1860ರಲ್ಲಿ ಅವರು ಮಾರೀ ರೈನ್‌ಹಾರ್ಟ್ ಎಂಬ ಜರ್ಮನ್ ಕನ್ಯೆಯನ್ನು ಮದುವೆಯಾದರು. ಇಂಥ ದಂಪತಿಗಳ ವಿಷಯಕ್ಕೆಂದೇ ಸರಕಾರ ಕಾನೂನು ಮಾಡಿದ್ದು ಅದಾಗಿ ಆರು ವರ್ಷಕ್ಕೆ, 1866ರಲ್ಲಿ. ಕೌಂಡಿನ್ಯರ ವಿಷಯ ಬರೆದವರು ಉಂಟು. ಲಕ್ಷ್ಮಿಯನ್ನು ಕಾದಂಬರಿಯ ನಾಯಕಿ ಮಾಡಿದ ಕ್ರೈಸ್ತ ಲೇಖಕರು ಮಾತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ. ಪಾದ್ರಿಗಳ ಸಂಸಾರಗಳೂ ಕಥೆಗೆ ಕಡಿಮೆಯಲ್ಲ: ಮದುವೆಗೆ ಬಾಸೆಲಿನ ಕಮಿಟಿಯ ಅಪ್ಪಣೆ ಬೇಕು, ಎಷ್ಟೋ ವಧುಗಳು ವರನ ಮುಖವನ್ನೇ ಕಾಣದೆ ಹಡಗು ಹತ್ತಿದರು. ನಾವೆಲ್ಲ ಕೈಮುಗಿಯುವ ಕಿಟ್ಟೆಲ್ ಸಾಹೇಬರ ಮೊದಲ ಹೆಂಡತಿ 1864ರಲ್ಲಿ ತೀರಿಕೊಂಡರು. ಆಮೇಲೆ ಅವರು ಆಕೆಯ ತಂಗಿಯನ್ನೇ ವರಿಸಿದರು. 1894ರ ಆ ಮಹಾಕೋಶವನ್ನು ತೆರೆಯುವಾಗ ಆ ಅಕ್ಕತಂಗಿಯರ ನೆನಪು ಯಾರಿಗೆ ಬರುತ್ತದೆ?

ಅದಿರಲಿ. ನಮ್ಮ ಕಷ್ಟ ಇನ್ನೊಂದು ಬಗೆಯದು. ಸೀರೆಯ ಕಥೆ ಬರೆಯಬೇಕೋ ಬಿಡಬೇಕೋ ಎಂದು ಕುಟುಂಬದಲ್ಲಿ ಎರಡು ಪಕ್ಷವಾಯಿತು. ಚಿಕ್ಕಪ್ಪ, “ಸಭೆಯಲ್ಲಿ ಮುತ್ತಜ್ಜನ ಹೆಸರಿಗೆ ಮರ್ಯಾದೆಯುಂಟು, ಅದನ್ನೇಕೆ ಬೀದಿಗೆ ತರುತ್ತೀರಿ?” ಎಂದರು. ಮಗಳ ಮದುವೆ ಕುದುರಿಸುತ್ತಿದ್ದ ಅತ್ತೆ ಆರು ತಿಂಗಳು ನಮ್ಮ ಫೋನು ತೆಗೆಯಲಿಲ್ಲ. ಒಬ್ಬ ಪ್ರಕಾಶಕರು, ಭಕ್ತಿಯ ಕಾದಂಬರಿಯಲ್ಲಿ ಎರಡು ಹೆಂಡಿರ ಮಾತು ಬೇಡ, ಅವಳನ್ನು ಸಾಯಿಸಿಬಿಡಿ, ಇಲ್ಲವೇ ಕೊನೆಗೆ ಸ್ನಾನ ಮಾಡಿಸಿಬಿಡಿ ಎಂದು ಸಲಹೆ ಕೊಟ್ಟರು. ಕಾಗದದ ಮೇಲೆ ಎರಡೂ ಸುಲಭ.

ನಾವು ಎರಡನ್ನೂ ಮಾಡಲಿಲ್ಲ. ಹೆಸರು ಬದಲಿಸಿದೆವು, ಊರು ಬದಲಿಸಿದೆವು. ಅವಳನ್ನು ಅವಳ ಮನೆಯಲ್ಲೇ, ಅವಳ ದೈವದ ಮುಂದೆಯೇ ಬಿಟ್ಟೆವು. ಏಳನೆಯ ಅಧ್ಯಾಯವನ್ನು ಪೂರ್ತಿ ಅವಳಿಗೆ ಕೊಟ್ಟೆವು: ದೋಣಿ ಬರುವ ದಿನ ಬೆಳಗಿನಿಂದ ಜಗಲಿ ಸಾರಿಸಿ, ಬೆಲ್ಲ ತೆಗೆದಿಟ್ಟು, ತಾನು ಮಾತ್ರ ಹೊರಗೆ ಬಾರದೆ ಬಾಗಿಲ ಹಿಂದೆ ನಿಲ್ಲುವವಳು. ಅಕ್ಷರ ಕಲಿಸುವ ಅಧ್ಯಾಯ ಹಾಗೆಯೇ ಉಳಿಯಿತು. ಆದರೆ ಈಗ ಮುತ್ತಜ್ಜಿಯೇ ಸೀರೆಯ ದುಡ್ಡನ್ನು ಎಣಿಸಿ ಕೊಡುತ್ತಾಳೆ. ಇದು ದೊಡ್ಡಮ್ಮ ಹೇಳಿದ್ದಲ್ಲ, ನಮ್ಮ ಕಲ್ಪನೆ. ಮನೆಯ ದುಡ್ಡು ಮುತ್ತಜ್ಜಿಯ ಕೈಯಲ್ಲೇ ಇರುತ್ತಿತ್ತೆಂಬುದು ಮಾತ್ರ ನಿಜ.

ಪುಸ್ತಕ ಬಂದ ಮೇಲೆ ಒಂದು ಪ್ರತಿ ಊರಿಗೆ ಕಳಿಸಿದೆವು. ಮೊಮ್ಮಗಳು ಓದಿ ಹೇಳಿದಳಂತೆ. ದೊಡ್ಡಮ್ಮ ಫೋನು ಮಾಡಿಸಿದರು. ಏನು ಹೇಳುತ್ತಾರೋ ಎಂದು ನಾವಿಬ್ಬರೂ ಒಂದೇ ಫೋನಿಗೆ ಕಿವಿ ಹಚ್ಚಿದೆವು.

“ಏಳನೆಯ ಅಧ್ಯಾಯದಲ್ಲಿ ಸೀರೆ ನೀಲಿ ಎಂದು ಬರೆದಿದ್ದೀರಿ,” ಎಂದರು. “ಅದು ಹಸುರು. ಕೆಂಪು ಅಂಚು. ಅಮ್ಮ ಹೇಳುತ್ತಿದ್ದರು.”

ಎರಡನೆಯ ಮುದ್ರಣದಲ್ಲಿ ತಿದ್ದಿದ್ದೇವೆ.