ನೂರಕ್ಕೆ ಐದು: ಲೆಕ್ಕ ಕೇಳುವವರು ಯಾರು?

(ಮಧುಗಿರಿಯಲ್ಲಿ ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಮಾತನಾಡಬೇಕೆಂದಿರುವುದು ಕೂಲಿಯ ದರದ ವಿಷಯವನ್ನಲ್ಲ, ಬರಿಯ ತೆರಿಗೆಯ ವಿಷಯವನ್ನೂ ಅಲ್ಲ. ಆದರೆ ದುಡಿಯುವವನಿಗೂ ತೆರಿಗೆ ಕೊಡುವವನಿಗೂ ನೇರವಾಗಿ ಸಂಬಂಧಪಟ್ಟ ವಿಷಯವಿದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಅಂಗವಿಕಲರಿಗೆ ನಮ್ಮ ಸ್ಥಳೀಯ ಸಂಸ್ಥೆಗಳು ಏನು ಮಾಡಬೇಕಾಗಿದೆ, ಮಾಡದಿದ್ದರೆ ಕೇಳಬೇಕಾದವರು ಯಾರು ಎಂಬುದೇ ಆ ವಿಷಯ.

“ಅದು ಅವರ ಪಾಡು, ನಮಗೇನು?” ಎಂದು ಯಾರಾದರೂ ಕೇಳಬಹುದು. ಗಿರಣಿಯಲ್ಲಿ ದುಡಿಯುವವನು ಹಾಗೆ ಕೇಳಲಾರ. ಓಡುವ ಬೆಲ್ಟಿಗೆ ಕೈ ಸಿಕ್ಕುವುದಕ್ಕೆ ಒಂದು ಗಳಿಗೆ ಸಾಕು. ಬೆಳಿಗ್ಗೆ ಎರಡು ಕೈಗಳಿಂದ ಕೆಲಸಕ್ಕೆ ಹೋದವನು ಸಂಜೆ ಒಂದೇ ಕೈಯಿಂದ ಮನೆಗೆ ಬರಬಹುದು. ಈ ದೇಶದಲ್ಲಿ ಕಾರ್ಮಿಕರ ಪರಿಹಾರದ ಕಾನೂನು 1923ರಷ್ಟು ಹಿಂದೆಯೇ ಬಂದದ್ದು ಇದಕ್ಕಾಗಿಯೇ. ಆದರೆ ಪರಿಹಾರದ ಹಣ ಸಾಲಕ್ಕೆ, ಆಸ್ಪತ್ರೆಗೆ, ಮಗಳ ಮದುವೆಗೆ ಕರಗಿಹೋಗುತ್ತದೆ. ಹೋದ ಕೈ ಮಾತ್ರ ಬರುವುದಿಲ್ಲ. ಆಮೇಲಿನ ಮೂವತ್ತು ನಲವತ್ತು ವರ್ಷಗಳ ಬಾಳು ನಡೆಯಬೇಕಾದುದು ಊರಿನ ಬೀದಿಯಲ್ಲಿ, ಪಂಚಾಯಿತಿಯ ಮೆಟ್ಟಿಲ ಮುಂದೆ, ಬಸ್ ನಿಲ್ದಾಣದಲ್ಲಿ.

ನಮ್ಮ ಸೀಮೆಗೆ ಇನ್ನೊಂದು ಶಾಪವೂ ಇದೆ. ಅದು ನೀರಿನದು. ಪಾವಗಡದ ಕೊಳವೆ ಬಾವಿಗಳ ಫ್ಲೋರೈಡಿನ ಮಾತು ನಿಮಗೆ ಹೊಸದಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಆಮೇಲೆ ಮಂಡಿ, ಕತ್ತು, ಬೆನ್ನು ಸೆಟೆಯುತ್ತವೆ. ಬಾಗಿದ ಮೂಳೆಯನ್ನು ಮತ್ತೆ ನೆಟ್ಟಗೆ ಮಾಡುವ ಮದ್ದಿಲ್ಲ. ಬಾರದಂತೆ ತಡೆಯುವುದೊಂದೇ ದಾರಿ. ಭಾರತದಲ್ಲಿ ಈ ರೋಗವನ್ನು ವೈದ್ಯರು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಅಂದಿನಿಂದ ಎಂಟು ದಶಕಗಳಿಗೂ ಮಿಕ್ಕಿ ಕಾಲ ಕಳೆದಿದೆ. ಹೀಗಿರುವಾಗ ಹಳ್ಳಿಯ ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಅದು ಯಂತ್ರದ ದುರಸ್ತಿಯ ಪ್ರಶ್ನೆ ಮಾತ್ರವಲ್ಲ. ಅದು ನಿಂತ ಒಂದೊಂದು ತಿಂಗಳೂ ಒಂದೊಂದು ಮಗುವಿನ ಮೂಳೆಯ ಲೆಕ್ಕಕ್ಕೆ ಸೇರುತ್ತದೆ. ಅಂಗವಿಕಲರ ಸೇವೆ ಎಂಬುದು ನಲ್ಲಿಯಿಂದಲೇ ಮೊದಲಾಗಬೇಕು.

ಈಗ ಕಾನೂನಿನ ಮಾತಿಗೆ ಬರೋಣ. 1995ರಲ್ಲಿ ಅಂಗವಿಕಲರಿಗಾಗಿ ಒಂದು ಕಾನೂನು ಆಯಿತು. ಅದರ ಜಾಗದಲ್ಲಿ 2016ರಲ್ಲಿ ಹೊಸ ಕಾನೂನು ಬಂದು 2017ರ ಏಪ್ರಿಲ್‌ನಿಂದ ಜಾರಿಯಾಯಿತು. ಹಿಂದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು, ಈಗ 21. ಕುಷ್ಠರೋಗ ವಾಸಿಯಾದವರೂ ಅದರಲ್ಲಿದ್ದಾರೆ. ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮ ಅಂಥ ರೋಗಿಗಳ ಆರೈಕೆ ಮಾಡುತ್ತ ಬಂದಿರುವುದನ್ನು ಎಲ್ಲರೂ ಬಲ್ಲರು. ಅದು ದೊಡ್ಡ ಕೆಲಸ. ಆದರೆ ಆಶ್ರಮ ಮಾಡುತ್ತದೆ ಎಂದು ಸರ್ಕಾರ ಕೈ ಕಟ್ಟಿ ಕುಳಿತುಕೊಳ್ಳುವುದು ನ್ಯಾಯವಲ್ಲ. ದಯೆ ತೋರಿದವನಿಗೆ ಕೈ ಮುಗಿಯಬಹುದು. ಹಕ್ಕನ್ನು ಮಾತ್ರ ಕೇಳಿಯೇ ಪಡೆಯಬೇಕು.

ಆ ಹಕ್ಕಿನ ತಿರುಳು ಇಷ್ಟು. ಶೇಕಡ 40 ಅಥವಾ ಹೆಚ್ಚು ವೈಕಲ್ಯದ ಪ್ರಮಾಣಪತ್ರ ಉಳ್ಳವರಿಗೆ ಬಡತನ ನಿವಾರಣೆಯ ಯೋಜನೆಗಳಲ್ಲಿ, ಮನೆ ಜಮೀನುಗಳ ಹಂಚಿಕೆಯಲ್ಲಿ ನೂರಕ್ಕೆ ಐದು ಪಾಲು ಮೀಸಲು. ಕಸುಬು ವ್ಯಾಪಾರಗಳಿಗೆ ರಿಯಾಯಿತಿ ದರದಲ್ಲಿ ನಿವೇಶನ ಕೊಡುವಾಗಲೂ ನೂರಕ್ಕೆ ಐದು. ನಮ್ಮ ರಾಜ್ಯದಲ್ಲಿ ಇನ್ನೂ ಒಂದು ಏರ್ಪಾಡಿದೆ. ಗ್ರಾಮ ಪಂಚಾಯಿತಿಗಳೂ ಪಟ್ಟಣದ ಸಂಸ್ಥೆಗಳೂ ತಮ್ಮ ಸ್ವಂತ ಹಣದಲ್ಲಿ ಒಂದು ಪಾಲನ್ನು ಅಂಗವಿಕಲರಿಗೆಂದು ತೆಗೆದಿಡಬೇಕು. ಮೊದಲು ಅದು ನೂರಕ್ಕೆ ಮೂರು, ಈಗ ಐದು. ಶಿರಾ ನಗರಸಭೆಗೂ ಮಧುಗಿರಿ, ಪಾವಗಡ ಪುರಸಭೆಗಳಿಗೂ ಕೊರಟಗೆರೆ ಪಟ್ಟಣ ಪಂಚಾಯಿತಿಗೂ ಇದು ಅನ್ವಯಿಸುತ್ತದೆ.

ವ್ಯಾಪಾರಿ ಮಿತ್ರರು ಲೆಕ್ಕದಲ್ಲಿ ನಿಪುಣರು. ಲೆಕ್ಕ ಹಾಕಿ ನೋಡಿ. ಒಂದು ಪಂಚಾಯಿತಿಗೆ ವರ್ಷಕ್ಕೆ ಸ್ವಂತ ಆದಾಯ 10 ಲಕ್ಷ ರೂಪಾಯಿ ಬಂದರೆ ಈ ಪಾಲು 50 ಸಾವಿರ. ಒಂದು ಪುರಸಭೆಗೆ 2 ಕೋಟಿ ಬಂದರೆ 10 ಲಕ್ಷ. ಇದು ನೀವು ಕೊಟ್ಟ ಮನೆ ಕಂದಾಯ, ಮಳಿಗೆ ಬಾಡಿಗೆಗಳಿಂದ ಕೂಡಿದ ಹಣ. ಅದು ಎಲ್ಲಿ ಹೋಯಿತು, ಯಾರಿಗೆ ಸೇರಿತು, ಎಷ್ಟು ಉಳಿಯಿತು ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಕೇಳುವವರಿಲ್ಲದ ಹಣಕ್ಕೆ ಕಾಲು ಬರುತ್ತದೆ. ಇಲ್ಲವೇ ಅದು ವರ್ಷದ ಕೊನೆಯಲ್ಲಿ ಶಾಮಿಯಾನದ ಕೆಳಗೆ ನಾಲ್ಕು ಮೂರು ಚಕ್ರದ ಗಾಡಿಗಳಾಗಿ, ಹಾರ ತುರಾಯಿಗಳ ನಡುವೆ ಒಂದು ಫೋಟೋ ಆಗಿ ಮುಗಿಯುತ್ತದೆ. ಮೂರು ತಿಂಗಳಲ್ಲಿ ಆ ಗಾಡಿಯ ಚಕ್ರ ಸವೆದರೆ ರಿಪೇರಿ ಮಾಡಿಸುವವರಾರು?

ಗಾಡಿ ಕೊಟ್ಟರಷ್ಟೇ ಸಾಲದು. ಅದು ಹೋಗುವ ದಾರಿಯೂ ಬೇಕು. ಗಾಲಿಕುರ್ಚಿಗೆ ಇಳಿಜಾರು ದಾರಿ ಕಟ್ಟುವುದಕ್ಕೆ ಒಂದು ಲೆಕ್ಕವುಂಟು. ಒಂದು ಅಡಿ ಎತ್ತರಕ್ಕೆ ಕಡಮೆಯೆಂದರೆ 12 ಅಡಿ ಉದ್ದ. ಅರ್ಧ ಅಡಿಯ ಐದು ಮೆಟ್ಟಿಲುಗಳಿದ್ದರೆ ಎತ್ತರ ಎರಡೂವರೆ ಅಡಿ. ಇಳಿಜಾರು 30 ಅಡಿ ಇರಬೇಕು. ಮೆಟ್ಟಿಲ ಪಕ್ಕದಲ್ಲಿ ಆರು ಅಡಿಯ ಸಿಮೆಂಟು ಸುರಿದರೆ ಅದು ಬಿಲ್ಲು ಪಾಸಾಗುವುದಕ್ಕೆ ಕಟ್ಟಿದ ದಾರಿಯೇ ಹೊರತು ಮನುಷ್ಯ ಹತ್ತುವುದಕ್ಕೆ ಕಟ್ಟಿದ್ದಲ್ಲ. ಕಚೇರಿಗಳನ್ನು ಸರಿಪಡಿಸಲು 2017ರ ನಿಯಮಗಳಾದ ಮೇಲೆ ಐದು ವರ್ಷದ ಗಡುವಿತ್ತು. ಆ ಗಡುವು 2022ರಲ್ಲೇ ಮುಗಿಯಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಇಂಥ ನಿಯಮಗಳು ಬರಿಯ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ಹೇಳಿತು. ನನ್ನ ಅಭಿಪ್ರಾಯ ಸ್ಪಷ್ಟ: ಇಳಿಜಾರಿನ ಖರ್ಚು ಕಟ್ಟಡದ ಖರ್ಚೇ. ಅದನ್ನು ಅಂಗವಿಕಲರ ಐದು ಪಾಲಿನಿಂದ ಕಿತ್ತುಕೊಳ್ಳಬಾರದು. ಬಾಗಿಲಿಗೆ ಕದ ಇಡುವುದಕ್ಕೆ ಯಾರ ಪಾಲನ್ನೂ ಕೇಳುವುದಿಲ್ಲವಷ್ಟೆ!

ಇನ್ನು ಸೇವೆಯನ್ನು ಮನೆ ಬಾಗಿಲಿಗೆ ಮುಟ್ಟಿಸುವವರ ಮಾತು. 2007-08ರಿಂದ ನಮ್ಮ ರಾಜ್ಯದಲ್ಲಿ ಗ್ರಾಮೀಣ ಪುನರ್ವಸತಿ ಯೋಜನೆ ಇದೆ. ಪಂಚಾಯಿತಿಗೊಬ್ಬ ಕಾರ್ಯಕರ್ತ, ಪಟ್ಟಣಕ್ಕೆ ನಗರ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಕಾರ್ಯಕರ್ತ. ಇವರೂ ಅಂಗವಿಕಲರೇ. ಮನೆ ಮನೆ ಸುತ್ತಿ ಹೆಸರು ಬರೆದುಕೊಳ್ಳುವವರು, ಅರ್ಜಿ ತುಂಬಿಸುವವರು, ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಇವರು. ಬಹುತೇಕ ಆಂಧ್ರದ ಗಡಿಯಿಂದಲೇ ಸುತ್ತುವರಿದ ಪಾವಗಡದಿಂದ ಜಿಲ್ಲಾಸ್ಪತ್ರೆಗೆ ಸುಮಾರು ನೂರು ಕಿಲೋಮೀಟರು. ಒಂದು ಪ್ರಮಾಣಪತ್ರಕ್ಕಾಗಿ ಕಾಲಿಲ್ಲದವನು ಅಷ್ಟು ದೂರ ಹೋಗಿ, “ಡಾಕ್ಟರು ರಜಾ, ಮುಂದಿನ ವಾರ ಬಾ” ಎನ್ನಿಸಿಕೊಂಡು ಬಂದರೆ, ಅವನ ಮತ್ತು ಜೊತೆಗೆ ಹೋದವನ ಎರಡು ದಿನದ ಕೂಲಿ ಮುಳುಗಿತು. ವೈದ್ಯರ ತಂಡವೇ ತಾಲ್ಲೂಕಿಗೆ ಬಂದು ಶಿಬಿರ ನಡೆಸಲಿ ಎಂಬ ಬೇಡಿಕೆ ಅತಿಯಾದುದೇನಲ್ಲ. ಈ ಕಾರ್ಯಕರ್ತರಿಗೆ ಕೊಡುವುದು ಸಂಬಳವಲ್ಲ, ಗೌರವಧನ. ಕೂಲಿಗಾರನಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ದುಡಿಸಿಕೊಳ್ಳುವಾಗ ನೌಕರ, ಕೊಡುವಾಗ ಸೇವಕ!

ಪಿಂಚಣಿಯ ಸಂಗತಿಯೂ ಹಾಗೆಯೇ. ಶೇಕಡ 80ಕ್ಕೂ ಹೆಚ್ಚು ವೈಕಲ್ಯದ ಬಡವರಿಗೆ ಕೇಂದ್ರ ಕೊಡುವ ಪಾಲು 2012ರಲ್ಲಿ ತಿಂಗಳಿಗೆ 300 ರೂಪಾಯಿ ಆಯಿತು. ಆಮೇಲಿನ ಹತ್ತು ವರ್ಷಗಳಲ್ಲಿ ಬೇಳೆ ಏರಿತು, ಎಣ್ಣೆ ಏರಿತು, ಆ 300 ಮಾತ್ರ ಏರಲಿಲ್ಲ. ಅಂಗಡಿಯಲ್ಲಿ ಕುಳಿತವರು 300 ರೂಪಾಯಿಗೆ ತಿಂಗಳ ಸಾಮಾನು ಕಟ್ಟಿಕೊಡಬಲ್ಲರೇ?

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷ 24 ಸಾವಿರ. ಅದು ಹಳೆಯ ಏಳೆಂಟು ಬಗೆಯ ಲೆಕ್ಕ, 21ರ ಲೆಕ್ಕವಲ್ಲ. ಅವರು ನಮ್ಮ ಮನೆಗಳಲ್ಲೇ ಇದ್ದಾರೆ. ಬೀದಿಯಲ್ಲಿ ಕಾಣುವುದಿಲ್ಲವೆಂದರೆ ಬೀದಿ ಅವರನ್ನು ಹೊರಗೆ ಬರಗೊಡಿಸಿಲ್ಲ ಎಂದರ್ಥ.

ಆದುದರಿಂದ ನಾವು ಮಾಡಬೇಕಾದುದೇನು? ಮೊದಲನೆಯದು, ಗ್ರಾಮಸಭೆಯಲ್ಲಿಯೂ ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿಯೂ ಐದು ಪಾಲಿನ ಲೆಕ್ಕ ಕೇಳುವುದು: ಎಷ್ಟು ತೆಗೆದಿಟ್ಟಿರಿ, ಯಾರಿಗೆ ಕೊಟ್ಟಿರಿ, ಎಷ್ಟು ಉಳಿಯಿತು? ಚುನಾಯಿತ ಸದಸ್ಯರಿರಲಿ, ಆಡಳಿತಾಧಿಕಾರಿಯಿರಲಿ, ಪ್ರಶ್ನೆ ಅದೇ. ಉತ್ತರ ಬಾರದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ. ಅದಕ್ಕೂ ಜಗ್ಗದಿದ್ದರೆ ಸಿವಿಲ್ ಕೋರ್ಟಿನ ಅಧಿಕಾರವುಳ್ಳ ರಾಜ್ಯ ಆಯುಕ್ತರಿಗೆ ದೂರು. ಎರಡನೆಯದು ಬೀದಿ ವ್ಯಾಪಾರಿಗಳ ಪಾಲಿನ ಕೆಲಸ. 2014ರ ಕಾನೂನಿನಂತೆ ಪಟ್ಟಣ ವ್ಯಾಪಾರ ಸಮಿತಿಯ ವ್ಯಾಪಾರಿ ಸದಸ್ಯರಲ್ಲಿ ಅಂಗವಿಕಲರಿಗೆ ಪ್ರಾತಿನಿಧ್ಯ ಇರಲೇಬೇಕು. ಆ ಜಾಗ ಖಾಲಿ ಇದ್ದರೆ ಕೇಳಿ. ಮೂರನೆಯದು ನಮ್ಮ ಕೈಯಲ್ಲೇ ಇದೆ. ಅಂಗಡಿಯ ಮೂಟೆಯನ್ನು ಕಾಲುದಾರಿಗೆ ಇಡಬೇಡಿ. ಕೋಲು ಹಿಡಿದು ಬರುವ ಕಣ್ಣಿಲ್ಲದವನಿಗೆ ಆ ಮೂಟೆಯೇ ಗೋಡೆ.

ಈ ಪ್ರಶ್ನೆ ಕೇಳಲು ಅಂಗವಿಕಲರು ಹತ್ತು ಬಾರಿ ಕಚೇರಿಯ ಮೆಟ್ಟಿಲು ಹತ್ತಬೇಕು. ಆ ಮೆಟ್ಟಿಲೇ ಅವರಿಗೆ ಅಡ್ಡಿ. ಹತ್ತಬಲ್ಲ ಕಾಲು ನಮಗಿದೆ. ಮುಂದಿನ ಗ್ರಾಮಸಭೆಯ ತಮಟೆ ಸದ್ದು ಕೇಳಿದ ದಿನ ನಿಮ್ಮ ಓಣಿಯ ಅಂಗವಿಕಲರನ್ನು ಜೊತೆಗೆ ಕರೆದುಕೊಂಡು ಹೋಗಿ. ಮಾತು ಅವರೇ ಆಡಲಿ; ಹಿಂದೆ ನೀವು ನಿಂತಿರಿ.