ಯಂತ್ರಕ್ಕೆ ಕೇಳಿಸದ ನಿಧಿ

(ಶಿಕಾರಿಪುರದಲ್ಲಿ ವಿದ್ಯಾರ್ಥಿಗಳು ಹಾಗೂ ಇತಿಹಾಸಾಸಕ್ತರ ಮುಂದೆ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ಶಿಕಾರಿಪುರ, ಸೊರಬ ಸೀಮೆಯಲ್ಲಿ ನಿಧಿಯ ಕಥೆ ಇಲ್ಲದ ಊರಿಲ್ಲ. ಕೆರೆ ಏರಿಯ ಕೆಳಗೆ ಏಳು ಕೊಪ್ಪರಿಗೆ ಹೊನ್ನಿದೆ, ಹಾಳು ದೇಗುಲದ ಗರ್ಭಗುಡಿಯಲ್ಲಿ ಸರ್ಪ ಕಾವಲಿದೆ, ಚಂದ್ರಗುತ್ತಿಯ ಕೋಟೆಯಲ್ಲಿ ಅರಸರ ಭಂಡಾರವಿದೆ ಎಂಬ ಮಾತುಗಳನ್ನು ಕೇಳುತ್ತಲೇ ನಾವೆಲ್ಲ ಬೆಳೆದವರು. ಹಿಂದೆ ನಿಧಿ ಹುಡುಕುವವರು ಅಂಜನ ಹಾಕಿಸುತ್ತಿದ್ದರು. ಈಗ ಅಂಜನದ ಜಾಗಕ್ಕೆ ಮೆಟಲ್ ಡಿಟೆಕ್ಟರ್ ಬಂದಿದೆ. ಕೋಲಿನ ತುದಿಯಲ್ಲೊಂದು ತಟ್ಟೆ, ಕಿವಿಗೆ ಹೆಡ್‌ಫೋನು. ನೋಡಿದವರಿಗೆ ಇದು ವಿಜ್ಞಾನ ಎಂಬ ನಂಬಿಕೆ ಬರುತ್ತದೆ.

ನಿಧಿಗಳ್ಳರ ಬಗ್ಗೆ ನಾನು ವರದಿ ಬರೆದಾಗಲೆಲ್ಲ ಒಂದಿಬ್ಬರು ಹುಡುಗರು ಬಂದು ಕೇಳುವ ಪ್ರಶ್ನೆ ಒಂದೇ: 'ಸಾರ್, ಯಾವ ಡಿಟೆಕ್ಟರ್ ಒಳ್ಳೆಯದು?' ಬೈದು ಕಳಿಸುವುದು ಸುಲಭ. ಆದರೆ ಆ ಯಂತ್ರ ಏನು ಮಾಡಬಲ್ಲದು, ಏನು ಮಾಡಲಾರದು ಎಂದು ತಿಳಿದರೆ ಅವರ ಅರ್ಧ ಆಸೆ ತಾನಾಗಿಯೇ ಇಳಿಯುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಇಂದು ಯಂತ್ರದಿಂದಲೇ ಆರಂಭಿಸುತ್ತೇನೆ.

ಈ ಯಂತ್ರ ಹುಟ್ಟಿದ್ದು ಚಿನ್ನಕ್ಕಾಗಿ ಅಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರಿಗೆ ಗುಂಡೇಟು ಬಿದ್ದಾಗ, ದೇಹದೊಳಗಿನ ಗುಂಡನ್ನು ಪತ್ತೆ ಮಾಡಲು ಟೆಲಿಫೋನಿನ ಅಲೆಗ್ಸಾಂಡರ್ ಗ್ರಹಾಂ ಬೆಲ್ ಒಂದು ಉಪಕರಣ ತಂದರು. ಉಪಕರಣವೇನೋ ಸರಿಯಾಗಿತ್ತು. ಆದರೆ ರೋಗಿ ಮಲಗಿದ್ದ ಹಾಸಿಗೆಯಲ್ಲಿದ್ದ ಉಕ್ಕಿನ ಸ್ಪ್ರಿಂಗುಗಳು ಅದರ ಸದ್ದನ್ನು ಕೆಡಿಸಿದವು. ವೈದ್ಯರೂ ಬಲಭಾಗವನ್ನಷ್ಟೇ ಹುಡುಕಲು ಬಿಟ್ಟರು. ಗುಂಡು ಸಿಗಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾ ಎಂಜಿನಿಯರ್ ಯೋಸೆಫ್ ಕೊಸಾಟ್ಸ್‌ಕಿ ರೂಪಿಸಿದ ನೆಲಬಾಂಬು ಶೋಧಕ, ಎಲ್ ಅಲಮೇನ್ ಕದನದಲ್ಲಿ ಬ್ರಿಟಿಷ್ ಸೇನೆಗೆ ದಾರಿ ಮಾಡಿಕೊಟ್ಟಿತು. ಯುದ್ಧ ಮುಗಿದ ಮೇಲೆ ಅದೇ ವಿದ್ಯೆ ಹವ್ಯಾಸಿಗಳ ಕೈಗೆ ಬಂತು.

ಇದರ ಕೆಲಸ ಸರಳ. ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿ ಇದೆ. ಅದರಲ್ಲಿ ವಿದ್ಯುತ್ ಸೆಕೆಂಡಿಗೆ ಹಲವು ಸಾವಿರ ಬಾರಿ ದಿಕ್ಕು ಬದಲಿಸಿ ಹರಿಯುವಾಗ ಸುತ್ತ ಒಂದು ಕಾಂತಕ್ಷೇತ್ರ ಏರ್ಪಡುತ್ತದೆ. ನೆಲದಲ್ಲಿ ಲೋಹದ ತುಂಡು ಇದ್ದರೆ ಅದರಲ್ಲಿ ಸಣ್ಣ ಸುಳಿ ವಿದ್ಯುತ್ ಹುಟ್ಟಿ, ಅದು ತನ್ನದೇ ಕ್ಷೀಣ ಕಾಂತಕ್ಷೇತ್ರವನ್ನು ಹಿಂದಕ್ಕೆ ಕಳಿಸುತ್ತದೆ. ಎರಡನೆಯ ಸುರುಳಿ ಅದನ್ನು ಹಿಡಿದು ಸದ್ದು ಮಾಡುತ್ತದೆ. ಹೋದ ಅಲೆಗೂ ಬಂದ ಅಲೆಗೂ ಇರುವ ಸಮಯದ ವ್ಯತ್ಯಾಸವನ್ನು ನೋಡಿ ಕಬ್ಬಿಣವೋ ತಾಮ್ರವೋ ಎಂದು ಯಂತ್ರ ಊಹಿಸುತ್ತದೆ. ಅದು ಊಹೆ ಮಾತ್ರ. ಸಣ್ಣ ಚಿನ್ನದ ಉಂಗುರವೂ ಅಲ್ಯೂಮಿನಿಯಂ ಹಾಳೆಯ ಚೂರೂ ಅದರ ಕಿವಿಗೆ ಹೆಚ್ಚುಕಡಿಮೆ ಒಂದೇ. ಕಸವನ್ನು ಬಿಟ್ಟುಬಿಡು ಎಂದು ಗುಂಡಿ ತಿರುಗಿಸಿದರೆ ಚಿನ್ನವೂ ಅದರೊಂದಿಗೆ ಬಿಟ್ಟುಹೋಗಬಹುದು.

ಆಳದ ವಿಷಯದಲ್ಲಿ ಭ್ರಮೆಗಳು ಇನ್ನೂ ಹೆಚ್ಚು. ನಾಣ್ಯದಂಥ ಸಣ್ಣ ವಸ್ತುವಿನ ಆಳ ಎರಡರಷ್ಟಾದರೆ ಮರಳಿ ಬರುವ ಸಂಕೇತ ಸುಮಾರು ಅರವತ್ತನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದು ಸೊರಗುವುದೇ ಇದಕ್ಕೆ ಕಾರಣ. ಹವ್ಯಾಸಿ ಯಂತ್ರಗಳು ಒಂದು ನಾಣ್ಯವನ್ನು ಗೇಣುದ್ದ, ಹೆಚ್ಚೆಂದರೆ ಒಂದಡಿ ಆಳದಲ್ಲಿ ಕಂಡುಕೊಂಡರೆ ಅದೇ ದೊಡ್ಡದು. ನೇಗಿಲು ತಿರುವಿ ಹಾಕಿದ ಆ ಮಣ್ಣಿನಲ್ಲಿ ಇರುವುದೇನು? ಎತ್ತಿನ ಲಾಳ, ಮುರಿದ ಕುಳ, ಸೋಡಾ ಬಾಟಲಿಯ ಮುಚ್ಚಳ, ತಂತಿಬೇಲಿಯ ಚೂರು.

ಯಂತ್ರವನ್ನು ಸುಧಾರಿಸಲು ಬರುವುದಿಲ್ಲವೆ ಎಂದು ಎಲೆಕ್ಟ್ರಾನಿಕ್ಸ್ ಬಲ್ಲ ಹುಡುಗರು ಕೇಳುತ್ತಾರೆ. ಖಂಡಿತ ಬರುತ್ತದೆ. ಸುರುಳಿ ದೊಡ್ಡದಾದರೆ ಆಳ ಹೆಚ್ಚುತ್ತದೆ, ಆದರೆ ಸಣ್ಣ ವಸ್ತು ತಪ್ಪಿಹೋಗುತ್ತದೆ. ಚಿಕ್ಕ ಸುರುಳಿ ಸಣ್ಣದನ್ನು ಹಿಡಿಯುತ್ತದೆ, ಆಳಕ್ಕೆ ಇಳಿಯದು. ಮಳೆಗಾಲದ ಒದ್ದೆ ಹುಲ್ಲಿಗೆ ತಾಗಿದಾಗ ಸುಳ್ಳು ಸದ್ದು ಬರುತ್ತದೆ. ಅದಕ್ಕೆ ಸುರುಳಿಯ ಸುತ್ತ ಅಲ್ಯೂಮಿನಿಯಂ ಹಾಳೆ ಸುತ್ತಿ, ಹಾಳೆಯ ಎರಡು ತುದಿಗಳು ಕೂಡದಂತೆ ಸ್ವಲ್ಪ ಜಾಗ ಬಿಡಬೇಕು. ಕೂಡಿದರೆ ಆ ಹಾಳೆಯೇ ಒಂದು ಲೋಹದ ಬಳೆಯಾಗಿ ಯಂತ್ರ ಕಿವುಡಾಗುತ್ತದೆ. ಹೆಡ್‌ಫೋನು ಹಾಕಿಕೊಂಡರೆ ಕ್ಷೀಣ ಸದ್ದೂ ಕೇಳುತ್ತದೆ. ಸುರುಳಿಯನ್ನು ಕೈಯಲ್ಲೇ ಸುತ್ತಿ, ಎರಡು ಆಂದೋಲಕಗಳ ಕಂಪನದ ವ್ಯತ್ಯಾಸವನ್ನು ಸದ್ದಾಗಿ ಕೇಳುವ ಸರಳ ಮಾದರಿಯನ್ನು ಕಾಲೇಜಿನ ಪ್ರಯೋಗಾಲಯದಲ್ಲೇ ಕಟ್ಟಬಹುದು. ಭೌತಶಾಸ್ತ್ರ ಕಲಿಯಲು ಅದಕ್ಕಿಂತ ಚೆಂದದ ಪಾಠ ಕಡಿಮೆ.

ಆದರೆ ನಮ್ಮ ನೆಲ ಇನ್ನೊಂದು ಪರೀಕ್ಷೆ ಒಡ್ಡುತ್ತದೆ. ಮಲೆನಾಡಿನ ಸೆರಗಿನಲ್ಲಿ ಕಾಣುವ ಜಂಬಿಟ್ಟಿಗೆ ನೆಲವನ್ನು ಎಲ್ಲರೂ ಬಲ್ಲಿರಿ. ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಕಲ್ಲಿಗೆ 1807ರಲ್ಲಿ ಲ್ಯಾಟರೈಟ್ ಎಂಬ ಹೆಸರನ್ನು ಬಳಕೆಗೆ ತಂದ. ಅದರ ಕೆಂಪು ಬಣ್ಣವೇ ಕಬ್ಬಿಣದ ಆಕ್ಸೈಡಿನದು. ಕಬ್ಬಿಣದ ಅಂಶವುಳ್ಳ ಮಣ್ಣು ಬೆಂಕಿಯಲ್ಲಿ ಬೆಂದರೆ ಅದರ ಕಾಂತಗುಣ ಇನ್ನಷ್ಟು ಏರುತ್ತದೆ. ಹಾಗಾಗಿ ಹಳೆಯ ಒಲೆ, ಇಟ್ಟಿಗೆ ಗೂಡು, ಕಮ್ಮಾರಸಾಲೆಯ ಕಿಟ್ಟ, ಕಾಡ್ಗಿಚ್ಚು ಹಾದ ಜಾಗ ಎಲ್ಲವೂ ಯಂತ್ರವನ್ನು ಕೂಗಿಸಬಲ್ಲವು. ಬೆಲೆಬಾಳುವ ಯಂತ್ರಗಳಲ್ಲಿ ನೆಲದ ಗುಣಕ್ಕೆ ಹೊಂದಿಸುವ ಏರ್ಪಾಡು ಇದೆ, ಆದರೆ ಅದಕ್ಕೂ ಮಿತಿ ಇದೆ. ನಿಧಿಗಳ್ಳ ಹೊನ್ನೆಂದು ತಿಳಿದು ಅಗೆಯುವುದು ಸಾವಿರ ವರ್ಷದ ಹಿಂದಿನ ಒಂದು ಒಲೆಯನ್ನು ಆಗಿರಬಹುದು. ಅವನಿಗೆ ಅದು ಬರೀ ಬೂದಿ. ಬಲ್ಲವರಿಗೆ ಅದು ಆ ಕಾಲದ ಊಟ, ಉಸಿರು, ಕಸುಬಿನ ಸಾಕ್ಷಿ.

ಇನ್ನು ದೂರದಿಂದಲೇ ಚಿನ್ನ ತೋರಿಸುತ್ತೇವೆಂದು ಆಂಟೆನಾ ಇರುವ ಯಂತ್ರಗಳನ್ನು ಲಕ್ಷಗಟ್ಟಲೆ ಬೆಲೆಗೆ ಮಾರುವವರಿದ್ದಾರೆ. ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಎಂಬಾತ ಗಾಲ್ಫ್ ಚೆಂಡು ಹುಡುಕುವ ಆಟಿಕೆಯಂಥ ವಸ್ತುವನ್ನು ಬಾಂಬು ಶೋಧಕವೆಂದು ಇರಾಕಿಗೆ ಮಾರಿದ. ಅದರೊಳಗೆ ಕೆಲಸ ಮಾಡುವ ಭಾಗವೇ ಇರಲಿಲ್ಲ. 2013ರಲ್ಲಿ ಅವನಿಗೆ ಹತ್ತು ವರ್ಷ ಸಜೆಯಾಯಿತು. ಒಂದು ಸರ್ಕಾರವೇ ಮೋಸಹೋಗಿರುವಾಗ ಅಡಿಕೆ ಮಾರಿದ ದುಡ್ಡು ಕೈಯಲ್ಲಿರುವ ನಮ್ಮ ರೈತನ ಪಾಡೇನು?

ಈಗ ಕಾನೂನಿಗೆ ಬರೋಣ. ಭೂಮಿಯಲ್ಲಿ ಸಿಕ್ಕ ನಿಧಿ ಸಿಕ್ಕವನ ಸ್ವತ್ತಲ್ಲ. 1878ರ ಭಾರತೀಯ ನಿಧಿ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದರೂ ಜಿಲ್ಲಾಧಿಕಾರಿಗೆ ತಿಳಿಸಬೇಕಿತ್ತು. ಕರ್ನಾಟಕಕ್ಕೆ 1962ರ ತನ್ನದೇ ಕಾಯಿದೆ ಇದೆ. ಅಲ್ಲಿಯೂ ಮೊದಲ ಕರ್ತವ್ಯ ಜಿಲ್ಲಾಧಿಕಾರಿಗೆ ತಿಳಿಸುವುದೇ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕವನ್ನು ಹಾಳುಮಾಡಿದವರಿಗೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇಲ್ಲವೆ ಎರಡನ್ನೂ ವಿಧಿಸಬಹುದು. ನೂರು ವರ್ಷ ದಾಟಿದ ವಿಗ್ರಹ, ನಾಣ್ಯಗಳು 1972ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ನಿಧಿಗಾಗಿ ವಾಮಾಚಾರ, ಬಲಿ ನಡೆಸುವುದನ್ನು ನಮ್ಮ ರಾಜ್ಯದಲ್ಲಿ 2020ರಲ್ಲಿ ಜಾರಿಗೆ ಬಂದ ಕಾಯಿದೆ ನಿಷೇಧಿಸಿದೆ.

ಹಾಗಾದರೆ ನಿಧಿಗಳ್ಳರು ಶಾಸನಗಳ ಬುಡವನ್ನೇ ಏಕೆ ಅಗೆಯುತ್ತಾರೆ? ಇದಕ್ಕೊಂದು ಕಾರಣವಿದೆ. ದಾನಶಾಸನಗಳಲ್ಲಿ ಅಷ್ಟಭೋಗ ಎಂಬ ಮಾತು ಬರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಹಕ್ಕುಗಳು ಅವು. ಇಂದಿನ ಕ್ರಯಪತ್ರದಲ್ಲಿ 'ಮರ, ಮಾಲ್ಕಿ, ನೀರು, ದಾರಿ ಸಹಿತ' ಎಂದು ಬರೆಯುತ್ತಾರಲ್ಲ, ಅದೇ ಬಗೆಯ ಮಾತು. ಭೂಮಿಯಲ್ಲಿ ಮುಂದೆ ಏನಾದರೂ ಸಿಕ್ಕರೆ ಅದೂ ದಾನ ಪಡೆದವನದು ಎಂಬುದಷ್ಟೇ ಅದರ ಅರ್ಥ. ಅರೆಬರೆ ಓದು ಬಲ್ಲವನು 'ನಿಧಿ' ಎಂಬ ಎರಡಕ್ಷರ ಕಂಡು ಇಲ್ಲೇ ಹೊನ್ನಿದೆ ಎಂದುಕೊಳ್ಳುತ್ತಾನೆ. ಸೂರ್ಯ ಚಂದ್ರರ ಚಿತ್ರ ಗುಪ್ತ ಗುರುತೆಂದು ಹೇಳುವವರೂ ಇದ್ದಾರೆ. ಸೂರ್ಯ ಚಂದ್ರರು ಇರುವತನಕ ಈ ದಾನ ನಡೆಯಲಿ, ಈ ವೀರನ ಹೆಸರು ಉಳಿಯಲಿ ಎಂಬುದು ಅದರ ಆಶಯ. ಉಳಿಯಲೆಂದು ಕೆತ್ತಿದ ಗುರುತೇ ಕಲ್ಲು ಕೀಳಲು ನೆಪವಾಗಿರುವುದು ವಿಪರ್ಯಾಸ.

ಸೊರಬ ತಾಲ್ಲೂಕಿನ ಒಂದು ಹಳ್ಳಿಗೆ ಇಂಥದೇ ಸುದ್ದಿ ತರಲು ಹೋಗಿದ್ದೆ. ಆಳೆತ್ತರದ ಗುಂಡಿ. ಪಕ್ಕದಲ್ಲಿ ಎರಡು ತುಂಡಾಗಿ ಬಿದ್ದ ವೀರಗಲ್ಲು. ಗುಂಡಿಯಲ್ಲಿ ನಿಂತ ಮಳೆನೀರು. ಏನು ಸಿಕ್ಕಿತಂತೆ ಎಂದು ನಾನು ಕೇಳಿದೆ. ಅಲ್ಲಿದ್ದ ಅಜ್ಜ ಉತ್ತರ ಹೇಳದೆ, ಸಿಕ್ಕಿದ್ದನ್ನೇ ಎಲ್ಲರೂ ಕೇಳ್ತೀರಿ, ಹೋದದ್ದನ್ನು ಯಾರೂ ಕೇಳೋದಿಲ್ಲವಲ್ಲ ತಮ್ಮಾ ಎಂದರು. ಅವರ ಮನೆಯವರು ವರ್ಷಕ್ಕೊಮ್ಮೆ ಆ ಕಲ್ಲಿಗೆ ಎಣ್ಣೆ ಹಚ್ಚಿ ಹಣ್ಣುಕಾಯಿ ಮಾಡುತ್ತಿದ್ದರಂತೆ. ನನ್ನ ವರದಿಯ ಮೊದಲ ಸಾಲು ನಿಧಿಯ ಬಗ್ಗೆಯೇ ಇತ್ತು ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಕಲ್ಲಿನಲ್ಲಿ ಏನು ಬರೆದಿತ್ತು ಎಂದು ನಾನೂ ಅಂದು ವಿಚಾರಿಸಲಿಲ್ಲ.

ಹಾಗೆಂದು ಈ ನೆಲದಲ್ಲಿ ಹೊನ್ನೇ ಸಿಕ್ಕಿಲ್ಲವೆಂದಲ್ಲ. ನೆರೆಯ ಹಾನಗಲ್ ತಾಲ್ಲೂಕಿನ ಅಕ್ಕಿ ಆಲೂರಿನಲ್ಲಿ ರೋಮನ್ ಮತ್ತು ಬೈಜಾಂಟಿನ್ ಚಿನ್ನದ ನಾಣ್ಯಗಳು ಸಿಕ್ಕಿವೆ. ಅವು ಕರಗಿ ಬಳೆಯಾಗದೆ ಬಲ್ಲವರ ಕೈಗೆ ಬಂದುದರಿಂದಲೇ ಕಡಲಾಚೆಯ ವ್ಯಾಪಾರದ ನಂಟು ನಮಗೆ ತಿಳಿಯಿತು.

ಹವ್ಯಾಸಿ ಹೇಗಿರಬೇಕು ಎನ್ನುವುದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆ ಇದೆ. 1992ರ ನವೆಂಬರಿನಲ್ಲಿ ಸಫೊಕ್ ಪ್ರಾಂತದ ಹಾಕ್ಸನ್ ಎಂಬ ಹಳ್ಳಿಯಲ್ಲಿ ರೈತನೊಬ್ಬನ ಸುತ್ತಿಗೆ ಕಳೆದುಹೋಯಿತು. ಗೆಳೆಯ ಎರಿಕ್ ಲಾಸ್ ಡಿಟೆಕ್ಟರ್ ಹಿಡಿದು ಹುಡುಕಲು ಹೊರಟರೆ ಚಿನ್ನ ಬೆಳ್ಳಿಯ ನಾಣ್ಯಗಳು ಕಂಡವು. ಅವರು ಎಲ್ಲವನ್ನೂ ಬಾಚಿಕೊಳ್ಳಲಿಲ್ಲ. ಅಗೆತ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು. ಮರುದಿನವೇ ಪುರಾತತ್ವಜ್ಞರು ಬಂದು ಅಗೆದರು. ಸುಮಾರು 15 ಸಾವಿರ ರೋಮನ್ ನಾಣ್ಯಗಳ ಜೊತೆಗೆ, ಅವನ್ನು ತುಂಬಿಟ್ಟಿದ್ದ ಮರದ ಪೆಟ್ಟಿಗೆಯ ಗುರುತೂ ಅವರಿಗೆ ಕಂಡಿತು. ಗುದ್ದಲಿ ಬಿದ್ದಿದ್ದರೆ ಆ ಪೆಟ್ಟಿಗೆ ಮಣ್ಣಿನಲ್ಲಿ ಮಣ್ಣಾಗುತ್ತಿತ್ತು. ಲಾಸ್ ಅವರಿಗೆ 17.5 ಲಕ್ಷ ಪೌಂಡ್ ಬಹುಮಾನ ಬಂತು, ಅದನ್ನು ಅವರು ರೈತನೊಂದಿಗೆ ಹಂಚಿಕೊಂಡರು. ಆ ಸುತ್ತಿಗೆಯೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ನಿಮ್ಮಲ್ಲಿ ಯಾರಿಗಾದರೂ ಈ ಯಂತ್ರದ ಮೇಲೆ ಮೋಹವಿದ್ದರೆ ತಪ್ಪಿಲ್ಲ. ಅಡಿಕೆ ಸುಲಿಯುವಾಗ ಅಂಗಳದಲ್ಲಿ ಬಿದ್ದ ಬೆಂಡೋಲೆ ಹುಡುಕಿಕೊಡಿ. ಸಾಮಿಲ್‌ನಲ್ಲಿ ಮರದೊಳಗಿನ ಮೊಳೆ ಪತ್ತೆ ಮಾಡಿ ಗರಗಸ ಉಳಿಸಿ. ದೇವಸ್ಥಾನ, ಕೋಟೆ, ಹಾಳೂರು, ಕೆರೆ ಏರಿಯತ್ತ ಮಾತ್ರ ಅದನ್ನು ಒಯ್ಯಬೇಡಿ. ಉಳುವಾಗ, ಪಾಯ ತೆಗೆಯುವಾಗ ಏನಾದರೂ ಕಂಡರೆ ಕೈ ನಿಲ್ಲಿಸಿ, ಇದ್ದಲ್ಲೇ ಫೋಟೊ ತೆಗೆದು ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಿ.

ಕೊನೆಯದಾಗಿ ಒಂದು ಮಾತು. ಇಲ್ಲೇ ಹತ್ತಿರ ತಾಳಗುಂದವಿದೆ. ಅಲ್ಲಿನ ಪ್ರಣವೇಶ್ವರ ದೇಗುಲದ ಮುಂದಿನ ಕಂಬದ ಮೇಲೆ ಕವಿ ಕುಬ್ಜ ಬರೆದ ಶಾಸನ ಇಲ್ಲದಿದ್ದರೆ, ಕಂಚಿಯಲ್ಲಿ ಅವಮಾನಗೊಂಡು ರಾಜ್ಯ ಕಟ್ಟಿದ ಮಯೂರಶರ್ಮನ ಕಥೆ ನಮಗೆ ತಿಳಿಯುತ್ತಿರಲಿಲ್ಲ. ಅದೇ ಆವರಣದಲ್ಲಿ ಪುರಾತತ್ವ ಇಲಾಖೆ ಪದರ ಪದರವಾಗಿ ಅಗೆದಾಗ ಸಿಂಹಕಟಾಂಜನದ ಮೇಲೆ ಹಳೆಗನ್ನಡದ ಬರಹವೊಂದು ಸಿಕ್ಕಿತು. ಇಲಾಖೆ ಅದನ್ನು ಕ್ರಿ.ಶ. 370ರದೆಂದು ಗುರುತಿಸಿದೆ. ಹಲ್ಮಿಡಿಗಿಂತ ಹಳೆಯದಾದ ಕನ್ನಡ! ಬಳ್ಳಿಗಾವಿಯ ಕೋಡಿಯಮಠದಲ್ಲಿ ವ್ಯಾಕರಣ ಕಲಿಸುತ್ತಿದ್ದರು, ರೋಗಿಗಳಿಗೆ ಮದ್ದು ಕೊಡುತ್ತಿದ್ದರು, ಹಸಿದವರಿಗೆ ಅನ್ನ ಇಡುತ್ತಿದ್ದರು ಎಂದು ಹೇಳುವುದೂ ಒಂದು ಕಲ್ಲೇ. ಬಿ.ಎಲ್. ರೈಸ್ ನೂರು ವರ್ಷಕ್ಕೂ ಹಿಂದೆ ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಏಳು ಮತ್ತು ಎಂಟನೇ ಸಂಪುಟಗಳಲ್ಲಿ ತುಂಬಿಕೊಟ್ಟಿದ್ದಾರೆ.

ಇವುಗಳ ಮೇಲೆ ಎಷ್ಟೇ ಬೆಲೆಯ ಡಿಟೆಕ್ಟರ್ ಆಡಿಸಿದರೂ ಅದು ಸದ್ದು ಮಾಡುವುದಿಲ್ಲ. ಕಲ್ಲಿನ ಮಾತು ಕೇಳಲು ಬೇಕಾದದ್ದು ಓದುವ ಕಣ್ಣು. ಮುಂದಿನ ಭಾನುವಾರ ನಿಮ್ಮ ಊರಿನ ವೀರಗಲ್ಲುಗಳನ್ನು ಎಣಿಸಿ, ಫೋಟೊ ತೆಗೆದು, ಎಲ್ಲಿವೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಕಲ್ಲು ಎಲ್ಲಿತ್ತು, ಹೇಗಿತ್ತು ಎಂದು ಊರಿಗೇ ಗೊತ್ತಿದ್ದರೆ ಅದನ್ನು ಕೀಳಲು ಬರುವವನು ಎರಡು ಸಲ ಯೋಚಿಸುತ್ತಾನೆ. ಆ ಅಜ್ಜನ ಪ್ರಶ್ನೆಗೆ ನನಗೆ ತೋಚಿದ ಉತ್ತರ ಇಷ್ಟೇ.