ನಾಳೆ ಮಾಡೋಣ ಎನ್ನುವವರ ಪರವಾಗಿ

ಗುರುಗಳೇ, ಊರಿನ ಹಿರಿಯರೇ, ಹಿಂದಿನ ಸಾಲಿನಲ್ಲಿ ಕೂತಿರುವ ಹತ್ತನೇ ತರಗತಿಯವರೇ,

ಗಣಿತದ ಪುಸ್ತಕ ತೆರೆಯಬೇಕು ಎಂದ ದಿನವೇ ನಮಗೆ ನೋಟ್‌ಬುಕ್ಕಿಗೆ ಬೈಂಡ್ ಹಾಕುವ ಹುಮ್ಮಸ್ಸು ಬರುತ್ತದೆ. ಅವ್ವ ಹೇಳದಿದ್ದರೂ ನೀರು ತುಂಬಿಸಿಡುತ್ತೇವೆ. ಇದು ಸೋಮಾರಿತನವಲ್ಲ. ಸೋಮಾರಿ ಏನೂ ಮಾಡುವುದಿಲ್ಲ. ನಾವು ಒಂದು ಕೆಲಸ ತಪ್ಪಿಸಲು ಹತ್ತು ಕೆಲಸ ಮಾಡುತ್ತೇವೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತತ್ವಶಾಸ್ತ್ರ ಪ್ರಾಧ್ಯಾಪಕ ಜಾನ್ ಪೆರಿ ಇದನ್ನೇ ಒಂದು ವಿದ್ಯೆ ಮಾಡಿದರು. ಪಟ್ಟಿಯ ತುದಿಯಲ್ಲಿ ಭಯ ಹುಟ್ಟಿಸುವ ಕೆಲಸ ಬರೆಯಿರಿ, ಕೆಳಗೆ ಉಳಿದ ಉಪಯುಕ್ತ ಕೆಲಸಗಳು. ಮೇಲಿನದಕ್ಕೆ ಹೆದರಿ ಕೆಳಗಿನವೆಲ್ಲ ಮುಗಿಯುತ್ತವೆ! 1996ರ ಈ ಲೇಖನಕ್ಕೆ 2011ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಪ್ರಶಸ್ತಿ ಬಂತು. ಹದಿನೈದು ವರ್ಷ ತಡ. ಕೊಟ್ಟವರೂ ನಮ್ಮವರೇ ಇರಬೇಕು.

ಹಾಗಾಗಿ ಗಣಿತಕ್ಕೆ ಹೆದರಿದ ದಿನ ವಿಜ್ಞಾನದ ಚಿತ್ರ ಬರೆಯಿರಿ, ಅಡ್ಡಿಯಿಲ್ಲ. ಆದರೆ ಪೆರಿಯವರದೇ ಒಂದು ಷರತ್ತಿದೆ: ತುದಿಯ ಕೆಲಸಕ್ಕೆ ಗಡುವು ಇದ್ದಂತೆ ಕಾಣಬೇಕು, ನಿಜಕ್ಕೂ ಇರಬಾರದು. ವಿದ್ಯಾರ್ಥಿವೇತನದ ಅರ್ಜಿಯನ್ನು ಮಾತ್ರ ಅಲ್ಲಿಗೆ ಏರಿಸಬೇಡಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಲೆಯುವುದಿರುತ್ತದೆ. ಕೊನೆಯ ದಿನ ಎಲ್ಲರೂ ಒಟ್ಟಿಗೆ ನುಗ್ಗಿದರೆ ಸರ್ವರ್ರೂ ಏದುಸಿರು ಬಿಡುತ್ತದೆ. ನನ್ನ ಕಸುಬೇ ಅದು, ನಂಬಿ. ಆ ಹಣ ಕೈತಪ್ಪಿದರೆ ಕೆಲವು ಮನೆಗಳಲ್ಲಿ ಮಗಳ ಪಿಯುಸಿಯೇ ನಿಂತುಹೋಗುತ್ತದೆ.

ಊಟವಾದ ಮೇಲೆ ಸಂಜೆ ಐದರವರೆಗೆ ಕಂಪ್ಯೂಟರ್ ಕೊಠಡಿಯಲ್ಲಿರುತ್ತೇನೆ. ಅರ್ಜಿ ಬಾಕಿ ಇರುವವರು ಆಧಾರ್, ಪಾಸ್‌ಬುಕ್ ಹಿಡಿದು ಬನ್ನಿ. ನಮ್ಮ ಆಫೀಸಿನ ಒಂದು ದೊಡ್ಡ ಕೆಲಸ ನನ್ನ ಪಟ್ಟಿಯ ತುದಿಯಲ್ಲಿ ಕೂತಿದೆ. ಹಾಗಾಗಿ ನನಗೆ ಬೇಕಾದಷ್ಟು ಪುರುಸೊತ್ತಿದೆ.